ಜಪಾನಿ ಬಾಯಿಗೆ ಬಂದ ಪುಸ್ತಕ

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ನನ್ನನ್ನು ನೋಡಲು ಬರುತ್ತಾರೆ. ಎಷ್ಟು ಹೆರಿಗೆ ಮಾಡಿಸಿದ್ದೀರಿ, ಹೆಡ್ ನರ್ಸ್ ಯಾವಾಗ ಆದಿರಿ ಎಂದು ಕೇಳುತ್ತಾರೆ. ಹೆರಿಗೆಗಳನ್ನು ನಾನು ಎಣಿಸಿಲ್ಲ. ಹೆಡ್ ನರ್ಸ್ ಆದ ದಿನ ಏನಾಯಿತೆಂಬುದೂ ನೆನಪಿಲ್ಲ. ಆದರೆ ಗೋಕಾಕ ರೋಡ್ ಸ್ಟೇಷನ್ನಿನಿಂದ ಒಂದು ಪಾರ್ಸೆಲ್ಲನ್ನು ಎದೆಗೆ ಅವುಚಿಕೊಂಡು ಟಾಂಗಾದಲ್ಲಿ ಬಂದ ಮಧ್ಯಾಹ್ನದ ಬಗ್ಗೆ ಕೇಳಿ ನೋಡಿ, ಕುದುರೆಯ ಹಣೆಯ ಮೇಲಿನ ಬಿಳಿ ಮಚ್ಚೆಯಿಂದ ಹಿಡಿದು ಹೇಳುತ್ತೇನೆ. ಈಗ ನೆನೆದರೂ ಕೂತಲ್ಲಿ ಕೂರಲಾಗುವುದಿಲ್ಲ ನನಗೆ.

ನಾನು ಮೂಡಲಗಿಯವಳು. ಅಪ್ಪ ಅಲ್ಲಿಯ ಮಿಶನ್ ಸಾಲಿಯ ಮಾಸ್ತರ. ಮಾರ್ಥಾ ಎಂದು ಹೆಸರಿಟ್ಟ. ನಮ್ಮ ಶಾಸ್ತ್ರದಲ್ಲಿ ಬರುವ ಮಾರ್ಥಾಳ ಹಾಗೆ ಓಡಾಡಿ ಕೆಲಸ ಮಾಡುವ ಹೆಣ್ಣಾಗಲಿ ಎಂದು ಇಟ್ಟನಂತೆ. ಅದು ಅವನ ಎಣಿಕೆಗಿಂತ ಹೆಚ್ಚೇ ಆಯಿತು. ನರ್ಸ್ ಕಲಿತು ಗೋಕಾಕದ ಮಿಶನ್ ದವಾಖಾನೆಗೆ ಸೇರಿದಾಗ ನನಗೆ ಇಪ್ಪತ್ತು ತುಂಬಿತ್ತು. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಬಿಸಿನೀರಿನ ಹಂಡೆ, ಇಷ್ಟೇ ದವಾಖಾನೆ. ಸಂತೆಯ ದಿನ ಮೂಡಲಗಿಗೆ, ಹದಿನೈದು ದಿನಕ್ಕೊಮ್ಮೆ ಹುಕ್ಕೇರಿಗೆ ಚಕ್ಕಡಿಯಲ್ಲಿ ಔಷಧಿ ಪೆಟ್ಟಿಗೆ ಹೇರಿಕೊಂಡು ಹೋಗುತ್ತಿದ್ದೆವು.

ನಮ್ಮ ಮೇಲಿನವರು ಡಾಕ್ಟರ್‌ಬಾಯಿ. ಸಮುದ್ರದಾಚೆಯಿಂದ ಬಂದ ಎತ್ತರದ ಹೆಂಗಸು. ಕನ್ನಡವನ್ನು ಪುಸ್ತಕದಿಂದ ಕಲಿಯದೆ ತಮ್ಮ ಅಡುಗೆಯವಳಿಂದ ಕಲಿತಿದ್ದರು. ಹಾಗಾಗಿ ಮಾತಾಡಿದರೆ ಕಾಯಿಪಲ್ಲೆ ಮಾರುವ ಅವ್ವಂದಿರ ಹಾಗೆಯೇ ಕೇಳಿಸುತ್ತಿತ್ತು. ಸಿಟ್ಟು ಬಂದರೆ ಮಾತ್ರ ಮೌನ. ಆ ಮೌನಕ್ಕೆ ನಾವೆಲ್ಲ ಹೆದರುತ್ತಿದ್ದೆವು.

ನಾನು ಸೇರಿದಾಗಿನ ಪದ್ಧತಿ ಎಂದರೆ ಮೊದಲು ಪ್ರಾರ್ಥನೆ, ಆಮೇಲೆ ಉಪದೇಶ, ಕಡೆಗೆ ಔಷಧಿ. ನನಗೆ ಉಪದೇಶ ಮಾಡುವುದೆಂದರೆ ಬಹಳ ಹುರುಪು. ಆ ಹುರುಪು ಹುಕ್ಕೇರಿಯಲ್ಲಿ ಒಬ್ಬಳ ಜೀವ ತೆಗೆಯುವುದರಲ್ಲಿತ್ತು.

ನಿಡಸೋಸಿಯ ಕಡೆಯಿಂದ ಗಂಗವ್ವ ಎಂಬ ಎಳೆಯ ವಿಧವೆಯನ್ನು ಅವಳ ಚಿಗವ್ವ ಕರೆತಂದಿದ್ದಳು. ಬಸಿರು ಇಳಿಸಲು ಯಾರೋ ಕೊಟ್ಟದ್ದನ್ನು ಕುಡಿದಿದ್ದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಡಾಕ್ಟರ್‌ಬಾಯಿ ಊರೊಳಗೆ ಒಂದು ಹೆರಿಗೆಗೆ ಹೋಗಿದ್ದರು. ನಾನು ಅವಳನ್ನು ತೊಳೆದೆ, ಚಾಪೆಯ ಮೇಲೆ ಮಲಗಿಸಿದೆ, ಔಷಧಿ ಕೊಟ್ಟೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಬಾಯಿ ತೆರೆದೆ. ನೀನು ಮಾಡಿದ್ದು ಕೊಲೆ, ಮೊದಲು ಅದನ್ನು ಒಪ್ಪಿಕೋ ಎಂದೆಲ್ಲ ಹೇಳಿದೆ. ಗಂಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಒಳಗೆ ಹೋಗಿ ನೀರು ತರುವಷ್ಟರಲ್ಲಿ ಚಾಪೆ ಖಾಲಿಯಾಗಿತ್ತು.

ಡಾಕ್ಟರ್‌ಬಾಯಿ ಬಂದು ಕೇಳಿದರು. ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಕೂಡಲೇ ಮತ್ತೆ ಚಕ್ಕಡಿ ಹತ್ತಿದರು. ಸಂಜೆಯ ಹೊತ್ತಿಗೆ ಗಂಗವ್ವನನ್ನು ಅವಳ ಚಿಗವ್ವನ ಮನೆಯಿಂದ ಮರಳಿ ತಂದು, ನನ್ನನ್ನು ಅವಳ ತಲೆಯ ಬದಿಗೆ ಕೂರಿಸಿದರು. ಹಣೆಯ ಮೇಲಿನ ಅರಿವೆ ಒದ್ದೆ ಮಾಡುವುದು ಬಿಟ್ಟು ಬೇರೇನೂ ಮಾಡಕೂಡದು, ತುಟಿ ಬಿಚ್ಚಕೂಡದು ಎಂದು ಅಪ್ಪಣೆಯಾಯಿತು. ಮೂರು ದಿನ ಹಾಗೆಯೇ ಕೂತೆ. ಮೂರನೆಯ ದಿನ ಜ್ವರ ಇಳಿದ ಮೇಲೆ ಗಂಗವ್ವ ನನ್ನ ಮುಂಗೈ ಹಿಡಿದಳು.

"ಬಾಯಾರ, ದೇವರ ಇನ್ನ ನನ್ನ ಮಾರಿ ನೋಡ್ತಾನೇನ್ರಿ?"

ನನಗೆ ಮಾತಾಡುವ ಅಪ್ಪಣೆ ಇರಲಿಲ್ಲ. ಡಾಕ್ಟರ್‌ಬಾಯಿಯ ಕಡೆ ನೋಡಿದೆ.

"ನೋಡಾಕತ್ತಾನವಾ," ಎಂದರು ಅವರು. "ಅದಕ್ಕ ನಿನ್ನ ಹುಡುಕ್ಕೊಂಡ ಬಂದೆ ನಾ."

ಗಂಗವ್ವ ಬದುಕಿದಳು. ಅಂದಿನಿಂದ ನಮ್ಮ ದವಾಖಾನೆಯಲ್ಲಿ ಔಷಧಿ ಮೊದಲಾಯಿತು, ಮಾತು ಕಡೆಗೆ ಹೋಯಿತು. ಆ ಬದಲಾವಣೆ ಯಾವ ಸರ್ಕ್ಯುಲರಿನಿಂದಲೂ ಬಂದದ್ದಲ್ಲ, ನನ್ನ ತಪ್ಪಿನಿಂದ ಬಂದದ್ದು. ನಾನು ಸುಧಾರಿಸಿದೆ ಎಂದುಕೊಂಡೆ. ಪೂರ್ತಿ ಸುಧಾರಿಸಿರಲಿಲ್ಲ ಎನ್ನುವುದು ಮುಂದೆ ಗೊತ್ತಾಯಿತು.

ಮೂವತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿರಬೇಕು. ಹತ್ತಿಯ ಹಂಗಾಮಿನಲ್ಲಿ ಗೋಕಾಕಕ್ಕೆ ಒಬ್ಬ ಜಪಾನಿ ಬಂದ. ಯಾವುದೋ ಕಂಪನಿಯ ಪರವಾಗಿ ಹತ್ತಿ ಕೊಳ್ಳುವವನು. ಹತ್ತಿ ತುಂಬಿದ ಅಂಡಿಗೆಯೊಳಗೆ ಮೊಳಕೈತನಕ ಕೈ ತೂರಿಸಿ, ಎಳೆಯನ್ನು ಬೆರಳಲ್ಲಿ ಹಿಂಜಿ ನೋಡಿ, ಇದು ಎಂಥ ಹತ್ತಿ ಎಂದು ಹೇಳಿಬಿಡುತ್ತಿದ್ದನಂತೆ. ಪ್ಯಾಟೆಯ ಜನ ಅವನನ್ನು ಹತ್ತಿ ಸಾಹೇಬ ಎಂದರು. ದಲಾಲರ ಜೊತೆ ಗುದ್ದಾಡಿ ಗುದ್ದಾಡಿ ನಮ್ಮ ಕನ್ನಡವನ್ನೂ ತುಸು ಕಲಿತಿದ್ದ. ಜೊತೆಗೆ ಹೆಂಡತಿ ಬಂದಿದ್ದಳು. ನಮ್ಮೂರು ಅಂಥವರನ್ನು ಎಂದೂ ಕಂಡಿರಲಿಲ್ಲ! ಅವಳು ಅಂಗಳಕ್ಕೆ ಬಂದರೆ ಓಣಿಯ ಹೆಂಗಸರು ಕೊಡ ಹೊತ್ತುಕೊಂಡೇ ನಿಂತುಬಿಡುತ್ತಿದ್ದರು. ನಾನೂ ಎರಡು ಸಲ ದಾರಿ ಬಳಸಿ ಅವರ ಮನೆಯ ಮುಂದೆ ಹಾದು ಹೋದೆ. ಹೇಳಲು ನಾಚಿಕೆಯೇನಿಲ್ಲ.

ಅವರ ಮನೆಯಲ್ಲಿ ಕೆಲಸಕ್ಕಿದ್ದವಳು ನಾಗನೂರಿನ ನೀಲವ್ವ. ಹಣೆಗೆ ವಿಭೂತಿ ಹಚ್ಚಿದ, ನಡುವಯಸ್ಸಿನ, ಯಾರಿಗೂ ಹೆದರದ ಹೆಂಗಸು. ಒಂದು ಬೆಳಿಗ್ಗೆ ದವಾಖಾನೆಗೆ ಬಂದು, ಜಪಾನಿ ಬಾಯಿ ಉಣ್ಣುವುದನ್ನು ಬಿಟ್ಟಿದ್ದಾಳೆ, ದಿನಕ್ಕೊಂದು ಹಿಡಿ ಅನ್ನವೂ ಹೋಗುವುದಿಲ್ಲ, ಸಾಹೇಬ ಬೇಸತ್ತು ಅವಳನ್ನು ಊರಿಗೆ ಕಳಿಸುವ ತಯಾರಿ ನಡೆಸಿದ್ದಾನೆ ಎಂದಳು. ಇದಕ್ಕೆಲ್ಲ ತಾನೇ ಕಾರಣ ಎಂಬ ಅಂಜಿಕೆ ಅವಳಿಗೆ. ಏಕೆಂದರೆ ಆ ಬಾಯಿ ಹಿತ್ತಲಿನ ಬೇವಿನ ಬುಡದಲ್ಲಿ ಒಂದು ಗುಂಡುಕಲ್ಲು ನಿಲ್ಲಿಸಿದ್ದಳು. ಯಾವುದೋ ದೇವರಿರಬೇಕೆಂದು ನೀಲವ್ವ ಅದಕ್ಕೆ ಕುಂಕುಮ ಹಚ್ಚಿ ಹೂ ಏರಿಸಿದಳು. ಅದನ್ನು ನೋಡಿದ ಬಾಯಿ ನೆಲಕ್ಕೆ ಕುಸಿದು ಅತ್ತಳಂತೆ.

ನಾನು ಚೀಲ ಹೆಗಲಿಗೇರಿಸಿದವಳೇ ಹೊರಟೆ. ಆಕೆಯ ಹೆಸರು ಫುಮಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮುಂಬೈಯಲ್ಲಿ ಒಂದು ವರ್ಷ, ಬೇರೆ ಬೇರೆ ಹತ್ತಿ ಪ್ಯಾಟೆಗಳಲ್ಲಿ ಮೂರು ವರ್ಷ ಇದ್ದುದರಿಂದ ತುಸು ಹಿಂದುಸ್ತಾನಿ, ಶಾಲೆಯಲ್ಲಿ ಕಲಿತ ನಾಲ್ಕು ಇಂಗ್ಲಿಷ್ ಮಾತು ಬರುತ್ತಿದ್ದವು. ನಾಡಿ ನೋಡಿದೆ, ನಾಲಗೆ ನೋಡಿದೆ. ಜ್ವರವಿಲ್ಲ, ಬಸಿರಿಲ್ಲ, ರೋಗವೇ ಇಲ್ಲ. ಮುಂಗೈ ಮಾತ್ರ ಕಡ್ಡಿಯಾಗಿತ್ತು.

ಹಿತ್ತಲಿಗೆ ಹೋಗಿ ಕಲ್ಲು ನೋಡಿದೆ. ಮೊಳದುದ್ದವೂ ಇರಲಿಲ್ಲ. ಅದಕ್ಕೆ ಅಂಗೈಯಗಲದ ಕೆಂಪು ಅರಿವೆಯೊಂದನ್ನು ದಾರದಿಂದ ಕಟ್ಟಿದ್ದಳು. ನನಗೆ ತಿಳಿದದ್ದು ಒಂದೇ: ಈ ಕಲ್ಲಿನ ಪೂಜೆಯೇ ಇವಳನ್ನು ತಿನ್ನುತ್ತಿದೆ. ಅವಳು ಒಳಗಿದ್ದಾಗ ಕಲ್ಲನ್ನು ಎತ್ತಿ ಬೇಲಿಯಾಚೆ ಇಟ್ಟೆ, ಅರಿವೆ ಬಿಚ್ಚಿ ನೀಲವ್ವನ ಕೈಗೆ ಕೊಟ್ಟೆ.

ನೀಲವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿ ನೋಡಿದಳು. ಆಮೇಲೆ ತನ್ನ ಕುತ್ತಿಗೆಗೆ ಹಿಡಿದಳು. ಅಳತೆ ಸಾಲಲಿಲ್ಲ.

"ಬಾಯಾರ," ಎಂದಳು, "ಇದು ದೇವರ ಅರಿವಿ ಅಲ್ರಿ. ಜೊಲ್ಲ ಬೀಳಬಾರದಂತ ಕೂಸಿನ ಕುತ್ತಿಗಿಗೆ ಕಟ್ಟೂದು."

ನಾನು ತಿರುಗಿ ನೋಡಿದರೆ ಫುಮಿ ಬಾಗಿಲಲ್ಲಿ ನಿಂತಿದ್ದಳು. ಬೇವಿನ ಬುಡ ಬರಿದಾಗಿತ್ತು. ಅವಳು ಕೂಗಲಿಲ್ಲ, ಬಯ್ಯಲಿಲ್ಲ. ಒಳಗೆ ಹೋಗಿ ಕದ ಹಾಕಿಕೊಂಡಳು.

ಆ ದಿನ ದವಾಖಾನೆಯಲ್ಲಿ ಡಾಕ್ಟರ್‌ಬಾಯಿಯ ಮೌನವನ್ನು ನಾನು ಬಹಳ ಹೊತ್ತು ಅನುಭವಿಸಿದೆ. ಕಡೆಗೆ ಅವರೇ ವಿವರಿಸಿದರು. ಹುಟ್ಟದೆ ಹೋದ ಕೂಸುಗಳ ಸಲುವಾಗಿ ಆ ದೇಶದಲ್ಲಿ ತಾಯಂದಿರು ಹೀಗೆ ಕಲ್ಲು ನಿಲ್ಲಿಸಿ ಅರಿವೆ ಕಟ್ಟುತ್ತಾರೆಂದು ಅವರು ಓದಿದ್ದರಂತೆ. ಬಳಿಕ ಒಂದೇ ಮಾತು ಹೇಳಿದರು: "ಹೋಗಿ ಕ್ಷಮಾ ಕೇಳ. ದೇವರ ಕ್ಷಮಾ ಕೊಡಾಕ ಆಮ್ಯಾಲ ಹೋಗೀಯಂತ."

ನಾನು ಬೇಲಿಯಾಚೆಯ ಕಲ್ಲನ್ನು ತೊಳೆದು, ಇದ್ದಲ್ಲೇ ಇಟ್ಟು, ಅರಿವೆ ಕಟ್ಟಿ, ಕದದ ಮುಂದೆ ನಿಂತೆ. ಏನು ಹೇಳಬೇಕೆಂದು ಮೂರು ಭಾಷೆಯಲ್ಲೂ ತೋಚಲಿಲ್ಲ. ಅವರು ಬಗ್ಗುವ ರೀತಿ ನೋಡಿದ್ದೆನಲ್ಲ, ಹಾಗೆಯೇ ಸೊಂಟ ಮುರಿದು ಬಗ್ಗಿದೆ. ಕದ ತೆರೆಯಿತು. ಬಗ್ಗಿಯೇ ಇದ್ದೆ. ಆಮೇಲೆ ನನ್ನ ತಲೆಯ ಮೇಲೆ ಒಂದು ಹಗುರಾದ ಕೈ ಬಿತ್ತು.

ಅಂದು ಅವಳು ಒಡಕು ಮಾತು, ಕೈಸನ್ನೆ ಎರಡನ್ನೂ ಕೂಡಿಸಿ ಹೇಳಿದಳು. ಮದುವೆಯಾದ ವರ್ಷವೇ ಬಸಿರಾಗಿದ್ದಳು. ಅದೇ ಹೊತ್ತಿಗೆ ಗಂಡನಿಗೆ ಹಿಂದುಸ್ತಾನಕ್ಕೆ ಹೊರಡುವ ಹುಕುಂ ಬಂತು. ಕೂಸಿನ ಜೊತೆ ಬರುವಂತಿರಲಿಲ್ಲ, ಬಿಟ್ಟು ಬರಲೂ ಆಗುತ್ತಿರಲಿಲ್ಲ. ಊರಿನ ಒಬ್ಬ ಮುದುಕಿಯ ಹತ್ತಿರ ಹೋಗಿ ತೆಗೆಸಿಕೊಂಡಳು. ಆ ಮೇಲೆ ಮತ್ತೆ ಬಸಿರಾಗಿರಲಿಲ್ಲ. ಗಂಡ ಆ ಸುದ್ದಿಯನ್ನು ಒಮ್ಮೆಯೂ ಎತ್ತಿರಲಿಲ್ಲ. ಅವನು ಮರೆತಿದ್ದಾನೆ, ತಾನೊಬ್ಬಳೇ ಹೊತ್ತಿದ್ದೇನೆ ಎಂದು ತಿಳಿದಿದ್ದಳು.

ಈ ಸಲ ನಾನು ಉಪದೇಶ ಮಾಡಲಿಲ್ಲ. ಮಾಡೋಣವೆಂದರೂ ಭಾಷೆ ಎಲ್ಲಿತ್ತು? ದೇವರ ಕ್ಷಮೆ ಎಂಬ ಮಾತನ್ನು ಸಂತೆಯ ಹಿಂದುಸ್ತಾನಿಯಲ್ಲಿ ಹೇಳಲು ಹೊರಟರೆ ಅದು ಸಾಲಗಾರನಿಗೆ ಬಡ್ಡಿ ಮಾಫಿ ಮಾಡಿದ ಹಾಗೆ ಕೇಳುತ್ತಿತ್ತು. ಆಗ ನನಗೆ ಒಮ್ಮೆಲೇ ಹೊಳೆಯಿತು. ನಮ್ಮ ಶಾಸ್ತ್ರ ಜಪಾನಿ ಭಾಷೆಯಲ್ಲೂ ಇರಲೇಬೇಕಲ್ಲ! ದವಾಖಾನೆಗೆ ಓಡಿಹೋಗಿ ಹೇಳಿದೆ. ಡಾಕ್ಟರ್‌ಬಾಯಿ ಕೂಡಲೇ ಮುಂಬೈಗೆ ಕಾಗದ ಬರೆದರು. ಪುಸ್ತಕದ ಅಂಗಡಿಯವರು ಇಲ್ಲವೆಂದರು. ಆದರೆ ಬಂದರಿನಲ್ಲಿ, ಹಡಗಿನ ಜನರಿಗಾಗಿ ಹತ್ತಾರು ಭಾಷೆಯ ಪುಸ್ತಕ ಇಡುವ ಕಡೆ ಕೇಳಿ ನೋಡುತ್ತೇವೆ ಎಂದು ಸೇರಿಸಿದ್ದರು.

ಅಷ್ಟರಲ್ಲಿ ಹತ್ತಿ ಸಾಹೇಬ ಹೆಂಡತಿಗೆ ಹಡಗಿನ ಟಿಕೇಟು ತೆಗೆಸಿದ. ಇನ್ನು ಎರಡೇ ವಾರ. ಅತ್ತೆಯ ಮನೆಗೆ, ಅದೂ ಒಬ್ಬಳೇ. ಫುಮಿ ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ. ಅವಳ ಕಣ್ಣು ನೋಡಿದರೆ ಆ ಹಡಗು ಆ ದಂಡೆ ಮುಟ್ಟುವವರೆಗೆ ಇವಳು ಇರುತ್ತಾಳೆಯೇ ಎಂದು ಅಂಜಿಕೆಯಾಗುತ್ತಿತ್ತು. ದಿನಾ ಹೋಗಿ ಗಂಜಿ ಕುಡಿಸುತ್ತಿದ್ದೆ, ದಿನಾ ಟಪಾಲಿನವನ ದಾರಿ ಕಾಯುತ್ತಿದ್ದೆ. ಅವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಿದ್ದ, ಬಂದಿಲ್ಲವೆಂದು.

ಐದು ದಿನ ಉಳಿದಿದ್ದಾಗ ಸ್ಟೇಷನ್ನಿಗೆ ಪಾರ್ಸೆಲ್ ಬಂದಿದೆಯೆಂದು ಚೀಟಿ ಬಂತು. ಟಪಾಲಿಗೆ ಹಾಕಬೇಕಾದದ್ದನ್ನು ಮುಂಬೈಯವರು ರೈಲಿಗೆ ಹಾಕಿದ್ದರು. ನಾನು ಅರ್ಧ ಸುತ್ತಿದ್ದ ಬ್ಯಾಂಡೇಜನ್ನು ಇನ್ನೊಬ್ಬಳ ಕೈಗೆ ಕೊಟ್ಟು ಟಾಂಗಾ ಹತ್ತಿದೆ. ಹೋಗುವಾಗಿನ ದಾರಿ ಎಷ್ಟು ಉದ್ದವಿತ್ತೋ ಬರುವಾಗ ಅಷ್ಟೇ ಇರಬೇಕಲ್ಲ? ನನಗಂತೂ ಎರಡರಷ್ಟಿತ್ತು. ಟಾಂಗಾದವನಿಗೆ ಜೋರಾಗಿ ಹೊಡಿ ಎನ್ನುವುದು, ಪಾರ್ಸೆಲ್ಲಿನ ದಾರ ಬಿಚ್ಚುವುದು, ಮತ್ತೆ ಕಟ್ಟುವುದು, ಇಷ್ಟೇ ಕೆಲಸ. ಒಳಗೆ ತೆಳ್ಳನೆಯ ಕಪ್ಪು ರಟ್ಟಿನ ಪುಸ್ತಕ, ಹಳೆಯದು, ಅಂಚಿಗೆ ಉಪ್ಪುನೀರಿನ ಕಲೆ. ತೆರೆದು ನೋಡಿದರೆ ಅಕ್ಷರಗಳು ಮೇಲಿನಿಂದ ಕೆಳಗೆ ಇಳಿಯುತ್ತಿದ್ದವು. ನಾವು ಮುಗಿಸುವ ಕಡೆಯಿಂದ ಅದು ಶುರುವಾಗುತ್ತಿತ್ತು. ಒಂದಕ್ಷರ ತಿಳಿಯದಿದ್ದರೂ ನನಗೆ ಕುಣಿಯುವಷ್ಟು ಸಂತೋಷ!

ಫುಮಿಯ ಕೈಗೆ ಕೊಟ್ಟೆ. ನಾಲ್ಕು ವರ್ಷದ ಮೇಲೆ ತನ್ನ ಭಾಷೆಯ ಪುಸ್ತಕ ಹಿಡಿದವಳು ಮೊದಲು ಅದರ ವಾಸನೆ ನೋಡಿದಳು. ಈಗ ಯಾವ ಪುಟ ಎಂದು ಹೇಗೆ ತೋರಿಸುವುದು? ನನ್ನ ಕನ್ನಡ ಪುಸ್ತಕ ಬಾಜೂಕ್ಕೆ ಇಟ್ಟುಕೊಂಡೆ. ಎರಡರಲ್ಲೂ ಭಾಗಗಳ ಸಾಲು ಒಂದೇ, ಅಧ್ಯಾಯ ಒಂದೇ, ವಚನದ ಸಂಖ್ಯೆಯೂ ಒಂದೇ. ಬೇಕಾದದ್ದು ಅಂಕಿ ಮಾತ್ರ! ನಾನು ಒಂದು ಬೆರಳೆತ್ತಿದೆ. ಅವಳು ನೆಲದ ಮೇಲೆ ನೀರಿನಿಂದ ಒಂದು ಅಡ್ಡಗೆರೆ ಎಳೆದಳು. ಎರಡಕ್ಕೆ ಎರಡು ಗೆರೆ, ಮೂರಕ್ಕೆ ಮೂರು. ಏಳು ಓರೆಯಾಗಿ ವಾಲಿದ ಶಿಲುಬೆಯ ಹಾಗೆ, ಹತ್ತು ನೆಟ್ಟಗೆ ನಿಂತ ಶಿಲುಬೆಯ ಹಾಗೆ. ನಾನು ನಮ್ಮ ಅಂಕಿಗಳನ್ನು ಬರೆದೆ. ನೀಲವ್ವ ಕಸಬರಿಗೆ ಹಿಡಿದುಕೊಂಡು ನಮ್ಮಿಬ್ಬರ ಹುಚ್ಚಾಟವನ್ನು ನೋಡುತ್ತಾ ನಿಂತಿದ್ದಳು.

ಮೂರನೆಯ ಸುವಾರ್ತೆ, ಏಳನೆಯ ಅಧ್ಯಾಯ ತೋರಿಸಿದೆ. ಊರೆಲ್ಲ ಛೀ ಎನ್ನುತ್ತಿದ್ದ ಹೆಂಗಸೊಬ್ಬಳು ಊಟದ ಮನೆಗೆ ಅಳುತ್ತಾ ಬಂದು, ಕಣ್ಣೀರಿನಿಂದ ಯೇಸುವಿನ ಕಾಲು ತೊಯ್ಯಿಸಿ ಕೂದಲಿನಿಂದ ಒರೆಸಿದ ಕತೆ. ಉಳಿದವರು ಮುಖ ಸಿಂಡರಿಸಿದರು. ಆತ ಕಾಲು ಹಿಂದೆಗೆಯಲಿಲ್ಲ. ನಿನ್ನ ಪಾಪ ಕಳೆಯಿತು, ಸಮಾಧಾನದಿಂದ ಹೋಗು ಎಂದು ಕಳಿಸಿದ. ನಾನು ಕನ್ನಡದಲ್ಲಿ ಬೆರಳಿಟ್ಟು ಹೋದೆ, ಅವಳು ಜಪಾನಿಯಲ್ಲಿ ಬೆರಳಿಟ್ಟು ಬಂದಳು. ಮುಗಿಯಿತು. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ತಲೆ ಎತ್ತಿ ಒಂದೇ ಶಬ್ದ ಕೇಳಿದಳು.

"ಬಚ್ಚಾ?"

ದೇವರು ಕ್ಷಮಿಸಿಯಾನು, ಕೂಸು? ಯಾವ ತರಬೇತಿಯಲ್ಲೂ ಇದನ್ನು ಕಲಿಸಿರಲಿಲ್ಲ. ಪುಟ ತಿರುವಿದೆ, ತಿರುವಿದೆ. ಹದಿನೆಂಟನೆಯ ಅಧ್ಯಾಯ ಸಿಕ್ಕಿತು. ಜನ ಕೂಸುಗಳನ್ನು ಎತ್ತಿಕೊಂಡು ಬಂದಾಗ ಶಿಷ್ಯರು ತಡೆದರು, ಆತ ಮಾತ್ರ ಅವನ್ನು ಹತ್ತಿರ ಕರೆದ. ಹತ್ತು, ಎಂಟು ಎಂದು ಬೆರಳು ತೋರಿಸಿದೆ. ಅವಳು ಹುಡುಕಿ ಓದಿದಳು. ಪುಸ್ತಕವನ್ನು ಮಡಿಲಲ್ಲಿಟ್ಟು, ಎರಡೂ ಕೈಯನ್ನು ಅದರ ಮೇಲಿಟ್ಟು ಅತ್ತಳು. ಇದು ಬೇರೆ ಥರದ ಅಳು. ಹೆರಿಗೆಯ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಅಳುವಿನ ಬಗೆಗಳು ತಿಳಿಯುತ್ತವೆ. ಅತ್ತು ಮುಗಿದ ಮೇಲೆ ನೀಲವ್ವ ಕೇಳದೆಯೇ ಅನ್ನ ತಂದಿಟ್ಟಳು. ಫುಮಿ ಉಂಡಳು.

ನಾನು ತಪ್ಪು ಉತ್ತರ ಕೊಟ್ಟೆನೇನೋ ಎಂಬ ಅಳುಕಿನಿಂದ ಡಾಕ್ಟರ್‌ಬಾಯಿಗೆ ಎಲ್ಲ ಒಪ್ಪಿಸಿದೆ. ಅವರು ಕನ್ನಡಕ ಒರೆಸುತ್ತಾ ಹೇಳಿದರು.

"ಸರಿ ಐತಿ ಬಿಡ. ಆ ಕೂಸು ದೇವರ ತೊಡಿ ಮ್ಯಾಲ ಕುಂತೈತಿ. ಅಲ್ಲಿ ಅದಕ್ಕ ಸಿಟ್ಟ ಮಾಡೂದು ಯಾರ ಕಲಸ್ತಾರ?"

ಮಾರನೆಯ ದಿನದ ಸಂಗತಿ ನಾನು ಎಣಿಸದೇ ಇದ್ದದ್ದು. ಬೆಳಗಿನ ರೋಗಿಗಳ ಸಾಲಿನಲ್ಲಿ, ಬೆಂಚಿನ ತುದಿಗೆ, ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಹತ್ತಿ ಸಾಹೇಬ ಕೂತಿದ್ದ. ಮುಂದೆ ಕರೆದರೂ ಬಾರದೆ ತನ್ನ ಪಾಳಿ ಕಾದ. ಒಳಗೆ ಬಂದು ಬಾಗಿಲ ಹತ್ತಿರವೇ ನಿಂತ. ನನ್ನನ್ನು ನೋಡದೆ, ಪ್ಯಾಟೆಯಲ್ಲಿ ಕಲಿತ ಕನ್ನಡದಲ್ಲಿ ಹೇಳಿದ.

"ಅಕಿ ಅಲ್ಲ. ನಾ ಹೇಳಿದೆ. ಕೂಸು ಬ್ಯಾಡ ಅಂತ ನಾ ಹೇಳಿದೆ." ಹೆಂಡತಿ ರಾತ್ರಿ ತನ್ನ ಪುಸ್ತಕದ ಅಂಕಿಗಳನ್ನು ತೋರಿಸಿದ್ದಳೆಂದು ಕಾಣುತ್ತದೆ, ಆಮೇಲೆ ಕೇಳಿದ, "ನನಗ ಯಾವ ನಂಬರ ಐತಿ?"

ಎಲ್ಲರಿಗೂ ಒಂದು ನಂಬರ್ ತಯಾರಿಟ್ಟುಕೊಂಡಿದ್ದವಳು ನಾನು. ಆ ಕ್ಷಣ ಒಂದೂ ಹೊಳೆಯಲಿಲ್ಲ. ಈ ಮನುಷ್ಯ ನಾಲ್ಕು ವರ್ಷ ಹತ್ತಿಯ ಅಂಡಿಗೆಗಳ ನಡುವೆ ಈ ಸಂಕಟವನ್ನು ಹೊತ್ತು ತಿರುಗಿದ್ದಾನೆ, ಅದು ಅವನ ಹೆಂಡತಿಗೇ ಗೊತ್ತಿಲ್ಲ ಎನ್ನುವುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಇದನ್ನು ಮನೆಯಲ್ಲಿ ಹೇಳ್ರಿ ಎಂದು ಅವನನ್ನು ಕರೆದುಕೊಂಡೇ ಹೊರಟೆ. ಅವನು ಮುಂದೆ, ನಾನು ಹಿಂದೆ ಬಹುತೇಕ ಓಡುತ್ತಾ.

ಫುಮಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಎದುರು ನಿಂತು ತನ್ನ ಭಾಷೆಯಲ್ಲಿ ಹೇಳಿದ. ಬಹಳ ಹೊತ್ತು ಹೇಳಿದ. ನನಗೆ ಒಂದು ಮಾತೂ ತಿಳಿಯಲಿಲ್ಲ, ಆದರೂ ಎಲ್ಲ ತಿಳಿಯಿತು. ಅವನು ಮುಗಿಸಿದ ಮೇಲೆ ಫುಮಿ ಎದ್ದು ಒಳಗೆ ಹೋದಳು. ಮತ್ತೆ ಕದ ಬೀಳುತ್ತದೆ ಎಂದುಕೊಂಡೆ. ಅವನು ಟೊಪ್ಪಿಗೆಯ ಅಂಚನ್ನು ತಿರುಗಿಸುತ್ತಾ ನಿಂತೇ ಇದ್ದ. ಎಷ್ಟು ಹೊತ್ತೋ ಆದ ಮೇಲೆ ಅವಳು ಪುಸ್ತಕ ತಂದಳು. ಪುಟ ತೆರೆದು, ಒಂದು ಕಡೆ ಬೆರಳಿಟ್ಟು, ಅವನ ಮುಂದೆ ಹಿಡಿದಳು.

ನಾನು ಕತ್ತು ಚಾಚಿ ನೋಡಿದೆ. ನೆಟ್ಟಗೆ ನಿಂತ ಶಿಲುಬೆ, ಅದರ ಕೆಳಗೆ ಐದು. ಹದಿನೈದು! ಚೀಲದಿಂದ ನನ್ನ ಪುಸ್ತಕ ತೆಗೆದು ಪುಟ ತಿರುವಿದೆ. ಮನೆ ಬಿಟ್ಟು ಹೋಗಿ ಎಲ್ಲ ಹಾಳುಮಾಡಿಕೊಂಡ ಮಗ ತಿರುಗಿ ಬರುವ ಅಧ್ಯಾಯ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು, ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ನಾನು ತೋರಿಸಿದ ಪುಟವಲ್ಲ ಅದು. ಅವಳೇ ಓದಿ, ಅವಳೇ ಹುಡುಕಿದ್ದಳು. ನಾನು ಕಲಿಸಿದವಳು ಎಂಬ ಜಂಬ ಅಲ್ಲಿಗೇ ಇಳಿಯಿತು. ಅದು ಇಳಿದದ್ದಕ್ಕೆ ಆದಷ್ಟು ಸಂತೋಷ ಮತ್ತೆ ಯಾವುದಕ್ಕೂ ಆಗಿಲ್ಲ.

ಅವನು ನಿಂತೇ ಓದಿದ. ಓದುತ್ತಾ ಓದುತ್ತಾ ಮೆಟ್ಟಿಲ ಮೇಲೆ ಕೂತ. ಅವಳು ಪಕ್ಕದಲ್ಲಿ ಕೂತಳು. ಟಿಕೇಟಿನ ಮಾತು ಮತ್ತೆ ಬರಲಿಲ್ಲ. ಹಂಗಾಮು ಮುಗಿದ ಮೇಲೆ ಇಬ್ಬರೂ ಕೂಡಿಯೇ ಹೋದರು.

ಅವನು ಪುಸ್ತಕ ಓದಿದ ಆ ದಿನ ನಾನು ಹೊರಡಲು ಎದ್ದಾಗ ಇಬ್ಬರೂ ತಮ್ಮೊಳಗೆ ಏನೋ ಮಾತಾಡಿಕೊಂಡರು. ಬಳಿಕ ಸಾಹೇಬ ನನಗೆ ಹೇಳಿದ, ಕೂಸಿಗೆ ಹೆಸರಿಟ್ಟಿದ್ದೇವೆ, ನಿಮ್ಮ ಪ್ರಾರ್ಥನೆಯಲ್ಲಿ ಆ ಹೆಸರು ಹೇಳಬೇಕು ಎಂದು. ಮಿನೋರು. ಗಂಡಾದರೂ ಹೆಣ್ಣಾದರೂ ಒಪ್ಪುವ ಹೆಸರು, ಪೈರು ಕಾಳು ಕಟ್ಟುವುದು ಎಂದು ಅರ್ಥವಂತೆ. ನಾನು ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ನನ್ನ ನಾಲಗೆಗೆ ಆ ಹೆಸರು ಮೊದಲ ಸಲ ಸರಿಯಾಗಿ ಹೊರಳಲಿಲ್ಲ. ಸಾಹೇಬ ಮೆಲ್ಲಗೆ ತಿದ್ದಿದ. ಎರಡನೆಯ ಸಲ ಸರಿಯಾಗಿ ಹೇಳಿದೆ.

ಬಾಗಿಲ ಹೊರಗೆ ನೀಲವ್ವ ನನ್ನನ್ನು ತಡೆದಳು. ಮಿನ್ನೂರ ಎಂದರೆ ಯಾವ ಊರು, ನಮ್ಮ ನಾಗನೂರಿನ ಕಡೆ ಅಂಥ ಊರಿಲ್ಲವಲ್ಲ ಎಂದು ಕೇಳಿದಳು. ಊರಲ್ಲ, ಕೂಸಿನ ಹೆಸರು ಎಂದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಿತ್ತಲಿನ ಕಡೆ ಒಮ್ಮೆ ನೋಡಿದಳು.

"ಹೆಸರ ಇಟ್ಟದ್ದ ಛಲೋ ಆತ್ರಿ ಬಾಯಾರ," ಎಂದಳು. "ದಿನಾ ಮುಂಜಾನಿ ಆ ಕಲ್ಲಿಗೆ ನೀರ ಹಾಕುವಾಗ ಮಾತಾಡಸ್ತಿದ್ದೆ. ಏನಂತ ಕರೀಬೇಕ ತಿಳೀತಿದ್ದಿಲ್ಲ ನನಗ."